ಒಂದು ಟ್ರ್ಯಾಕ್ಟರ್, ಎರಡು ವಂಶಾವಳಿ: ಬೇಗಂ ಬಜಾರಿನ ಹಿನ್ನೆಲೆಯಲ್ಲಿ ಹಳೆಯ ಟ್ರ್ಯಾಕ್ಟರುಗಳ ಮಾದರಿ ಹಾಗೂ ಎಂಜಿನ್ ಗುರುತಿಸುವ ಕ್ರಮ

1. ಪ್ರಶ್ನೆಯ ಸ್ವರೂಪ

ಹಳೆಯ ಟ್ರ್ಯಾಕ್ಟರ್ ಯಾವ ಮಾದರಿಯದು ಎಂದು ಕೇಳಿದರೆ ನಾವು ಮೊದಲು ನೋಡುವುದು ಬಾನೆಟ್ಟಿನ ಮೇಲಿನ ಹೆಸರನ್ನು. ಬೀದರ್, ಕಲಬುರಗಿ, ರಾಯಚೂರು ಸೀಮೆಯಲ್ಲೂ ಅದಕ್ಕೆ ಹೊಂದಿಕೊಂಡ ತೆಲಂಗಾಣದ ಗಡಿ ಊರುಗಳಲ್ಲೂ 1950 ಮತ್ತು 60ರ ದಶಕದ ಯಂತ್ರಗಳ ಮಟ್ಟಿಗೆ ಈ ಹೆಸರನ್ನು ನಂಬುವುದು ಅಪಾಯ. ಬಾನೆಟ್ ಬರೀ ತಗಡು. ತುಕ್ಕು ಹಿಡಿದಾಗ ಬದಲಾಗುತ್ತದೆ, ಬಣ್ಣ ಮಾಸಿದಾಗ ಹೊಸ ಹೆಸರು ಹೊತ್ತುಕೊಳ್ಳುತ್ತದೆ. ಎಂಜಿನ್ ಕೂಡ ಒಂದೆರಡು ಸಲ ಬದಲಾಗಿರಬಹುದು. ಕೊನೆಯವರೆಗೂ ಉಳಿಯುವುದು ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್‌ಗಳ ದಪ್ಪ ಎರಕ.

ಆದ್ದರಿಂದ ಇಲ್ಲಿ ಎರಡು ಪ್ರಶ್ನೆಗಳಿವೆ. ಟ್ರ್ಯಾಕ್ಟರ್ ಯಾವ ಮಾದರಿಯದು? ಈಗ ಅದರೊಳಗೆ ಇರುವ ಎಂಜಿನ್ ಯಾವುದು? ಎರಡಕ್ಕೂ ಒಂದೇ ಉತ್ತರ ಇರಲೇಬೇಕೆಂದು ಹಟ ಹಿಡಿದರೆ ಎರಡೂ ತಪ್ಪಾಗುತ್ತವೆ. ಬದಲಿ ಎಂಜಿನ್ ಕಂಡ ಕೂಡಲೇ ಯಂತ್ರವನ್ನು 'ಬೆರಕೆ' ಎಂದು ತಳ್ಳಿಹಾಕುವ ರೂಢಿಯನ್ನು ಈ ಲೇಖನ ಒಪ್ಪುವುದಿಲ್ಲ. ದಖ್ಖನಿನ ಕೃಷಿಯ ಯಾಂತ್ರೀಕರಣ ನಡೆದದ್ದೇ ರಿಪೇರಿಯ ಬಲದಿಂದ. ಬದಲಿಯಾದ ಭಾಗ ಆ ಚರಿತ್ರೆಯ ದಾಖಲೆ; ಅದನ್ನು ಓದುವ ಕ್ರಮವನ್ನು ಇಲ್ಲಿ ನಿರೂಪಿಸಲಾಗಿದೆ.

2. ಬೇಗಂ ಬಜಾರಿನ ಸ್ಥಾನ

ಎರಡನೆಯ ಆಸಫ್ ಜಾ ನಿಜಾಮ್ ಅಲಿ ಖಾನನ (ಆಳ್ವಿಕೆ 1762–1803) ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಬೇಗಂ ಬಜಾರ್ ಬೆಳೆಯಿತೆಂಬ ಪ್ರತೀತಿ ಇದೆ. ಮೂಸಿ ನದಿಯ ಉತ್ತರಕ್ಕೆ, ಅಫ್ಜಲ್‌ಗಂಜ್ ಮತ್ತು ಸಿದ್ದಿಅಂಬರ್ ಬಜಾರುಗಳ ಮಗ್ಗುಲಲ್ಲಿರುವ ಈ ಸಗಟು ಪೇಟೆಯಲ್ಲಿ ದಿನಸಿ, ಪಾತ್ರೆ, ಹಗ್ಗ, ಕಬ್ಬಿಣದ ಸಾಮಾನು ಎಲ್ಲವೂ ಸಿಗುತ್ತವೆ. ದೊಡ್ಡ ಯಂತ್ರಭಾಗಗಳ ಪೇಟೆ ಸಿಕಂದರಾಬಾದಿನ ರಾಣಿಗಂಜ್. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜ್ಯ ಒಡೆದು ಹಂಚಿಹೋದ ಮೇಲೂ ವ್ಯಾಪಾರದ ದಾರಿ ಬದಲಾಗಲಿಲ್ಲ. 1994ರಲ್ಲಿ ಇಮ್ಲಿಬನ್‌ನ ಹೊಸ ನಿಲ್ದಾಣ ಆರಂಭವಾಗುವ ತನಕ ನಗರದ ಮುಖ್ಯ ಬಸ್ ನಿಲ್ದಾಣ ಗೌಳಿಗುಡದಲ್ಲಿತ್ತು. ಬಸ್ಸಿನಿಂದ ಇಳಿದವರಿಗೆ ಬೇಗಂ ಬಜಾರ್ ನಡೆದು ಹೋಗುವಷ್ಟು ಹತ್ತಿರ.

ಇಂಥ ಪೇಟೆಯಲ್ಲಿ ವ್ಯವಹಾರ ನಡೆಯುವುದು ಕಂಪನಿಯ ಭಾಗಸಂಖ್ಯೆಯ ಮೇಲೆ ಅಲ್ಲ, ಮಾದರಿಯ ಮೇಲೆ. ಸವೆದ ಬೋಲ್ಟು, ಹರಿದ ಬೆಲ್ಟು, ಒಡೆದ ವಾಷರನ್ನು ಅಂಗಡಿಯ ಗಲ್ಲಾದ ಮೇಲಿಟ್ಟು ಅದರ ಜೋಡಿ ಕೇಳುತ್ತಾರೆ. ಅಳತೆ ಕೂಡಿದರೆ ಸಾಕು, ಯಾರು ಮಾಡಿದರೆಂಬುದು ಮುಖ್ಯವಲ್ಲ. ದಶಕಗಳ ಕಾಲ ಹೀಗೆ ನಡೆದ ಮೇಲೆ ಒಂದೇ ಟ್ರ್ಯಾಕ್ಟರಿನ ಮೈಯಲ್ಲಿ ಹಲವು ದೇಶಗಳ, ಹಲವು ಕಾಲದ ಭಾಗಗಳು ಕೂಡಿಕೊಳ್ಳುವುದು ಸಹಜ. ಗುರುತಿಸಲು ಹೊರಟವರು ಈ ಪೇಟೆಯ ನಡೆಯನ್ನು ತಿಳಿದಿರಬೇಕಾದದ್ದು ಇದೇ ಕಾರಣಕ್ಕೆ.

3. ಯಾವ ಯಂತ್ರಗಳು ಬಂದವು

ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಇರಲಿಲ್ಲ. ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಯುದ್ಧಕಾಲದ ಅಮೆರಿಕನ್ ಯಂತ್ರಗಳಿಂದ ಕೆಲಸ ಆರಂಭಿಸಿತು. 1949ರಲ್ಲಿ ವಿಶ್ವಬ್ಯಾಂಕ್ ಕೃಷಿ ಯಂತ್ರಗಳಿಗಾಗಿ ಒಂದು ಕೋಟಿ ಡಾಲರ್ ಸಾಲ ಕೊಟ್ಟಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ರಾಯಚೂರು, ಸಿಂಧನೂರು ಕಡೆಯ ಎರೆಭೂಮಿಯನ್ನು ಗದ್ದೆ ಮಾಡಲು ಬಲವಾದ ಯಂತ್ರ ಬೇಕಾಯಿತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಮುಂದೆ ಕೇಂದ್ರ ಸರ್ಕಾರದ ಯಾಂತ್ರೀಕೃತ ಫಾರ್ಮೇ ನೆಲೆಗೊಂಡಿತು.

ಸ್ವದೇಶಿ ತಯಾರಿಕೆಯ ಮೊದಲ ಹೆಜ್ಜೆ ಫರೀದಾಬಾದಿನ ಐಶರ್, 1959. ಅದರ ಗಾಳಿ ತಂಪಿನ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ಸಿಲಿಂಡರಿನ ಸುತ್ತ ರೆಕ್ಕೆಗಳಿವೆ; ಆದ್ದರಿಂದ ದೂರದಿಂದಲೇ ಗುರುತು ಸಿಗುತ್ತದೆ. ಮಸ್ಸೆ ಫರ್ಗುಸನ್ ಸಹಯೋಗದ ಟಾಫೆ ಮದ್ರಾಸಿನಲ್ಲಿ ಆರಂಭವಾಯಿತು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿದ ಮಹೀಂದ್ರಾದವರು ಬಿ-275 ತಂದರು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ 1971ರಲ್ಲಿ ಜೆಕೊಸ್ಲೊವಾಕಿಯದ ಜೆಟರ್ 2511ನ್ನು ಪಿಂಜೋರಿನಲ್ಲಿ ತಯಾರಿಸಲು ಆರಂಭಿಸಿತು. 2016ರಲ್ಲಿ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. 1961–62ರಲ್ಲಿ ಇಡೀ ದೇಶದ ಉತ್ಪಾದನೆ 880 ಟ್ರ್ಯಾಕ್ಟರುಗಳಷ್ಟೇ. ಅದಕ್ಕೂ ಹಿಂದಿನ ಯಂತ್ರ ಕಂಡರೆ ಅದು ಬಹುತೇಕ ಹಡಗಿನಲ್ಲಿ ಬಂದದ್ದು.

4. ಫಲಕದ ಅಕ್ಷರಗಳು

ಮೊದಲ ಸಾಕ್ಷ್ಯ ಸರಣಿ ಸಂಖ್ಯೆಯ ಫಲಕ. ಅಂಕಿಗಳಿಗಿಂತ ಮುಂಚೆ ಬರುವ ಅಕ್ಷರಗಳಲ್ಲಿ ತಯಾರಕ ಎಂಜಿನ್ನಿನ ಜಾತಿಯನ್ನೇ ಬರೆದಿರುತ್ತಾನೆ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 5,17,651 ಸಂಖ್ಯೆಯಲ್ಲಿ ತಯಾರಾದ ಬೂದು ಬಣ್ಣದ ಫರ್ಗುಸನ್ ಇದಕ್ಕೆ ಒಳ್ಳೆಯ ನಿದರ್ಶನ. ಬರೀ 'ಟಿಇ' ಇದ್ದರೆ ಅಮೆರಿಕದ ಕಾಂಟಿನೆಂಟಲ್ ಪೆಟ್ರೋಲ್ ಎಂಜಿನ್; 'ಟಿಇಎ' ಎಂದರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್; 'ಟಿಇಡಿ' ಟ್ರ್ಯಾಕ್ಟರಿನ ಸೀಮೆಎಣ್ಣೆಯದು; 'ಟಿಇಎಫ್' 1951ರಿಂದ ಬಂದ ಡೀಸೆಲ್.

ಅದರ ನಂತರದ ಮಸ್ಸೆ ಫರ್ಗುಸನ್ 35ರಲ್ಲಿ ಎರಡನೆಯ ಅಕ್ಷರ ನಿರ್ಣಾಯಕ. 'ಎಸ್‌ಡಿ' ಎಂದು ಆರಂಭವಾದರೆ ನಾಲ್ಕು ಸಿಲಿಂಡರಿನ ಸ್ಟ್ಯಾಂಡರ್ಡ್ 23ಸಿ ಡೀಸೆಲ್; 'ಎಸ್‌ಎನ್' ಆದರೆ ಮೂರು ಸಿಲಿಂಡರಿನ ಪರ್ಕಿನ್ಸ್. ಪರ್ಕಿನ್ಸ್ ಕಂಪನಿಯನ್ನು ಮಸ್ಸೆ ಫರ್ಗುಸನ್ 1959ರಲ್ಲಿ ಕೊಂಡುಕೊಂಡದ್ದೇ ಈ ಬದಲಾವಣೆಯ ಹಿನ್ನೆಲೆ. ಹೊರನೋಟಕ್ಕೆ ಒಂದೇ ಆಗಿ ಕಾಣುವ ಎರಡು ಕೆಂಪು 35ಗಳ ಪಿಸ್ಟನ್, ಲೈನರ್, ಗ್ಯಾಸ್ಕೆಟ್ ಯಾವುವೂ ಒಂದಕ್ಕೊಂದು ಕೂಡುವುದಿಲ್ಲ.

ಫಲಕ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಯನ್ನು. ಅದು ಮಾದರಿಗೆ ಪ್ರಬಲ ಸಾಕ್ಷ್ಯ, ಈಗಿನ ಎಂಜಿನ್ನಿಗೆ ದುರ್ಬಲ ಸಾಕ್ಷ್ಯ.

5. ಅಳತೆಯ ಸಾಕ್ಷ್ಯ

ಎಂಜಿನ್ನಿನ ಹೆಸರಲ್ಲಿರುವ ಅಂಕಿ ಆ ಕಾಲದಲ್ಲಿ ಬಹುಮಟ್ಟಿಗೆ ಘನ ಇಂಚುಗಳ ಲೆಕ್ಕ. ಗೊಂದಲ ಹುಟ್ಟುವುದೂ ಇಲ್ಲೇ. ಇಂಟರ್‌ನ್ಯಾಷನಲ್ ಬಿ-275ರದು ಬಿಡಿ-144 ಎಂಜಿನ್. ಫೋರ್ಡ್‌ಸನ್ ಡೆಕ್ಸ್‌ಟಾದ ಎಂಜಿನ್ ಪರ್ಕಿನ್ಸ್ ಪಿ3 ವಂಶದ್ದು, ಅದರ ಅಂಕಿಯೂ 144. ಅಂಕಿ ಒಂದೇ, ಎಂಜಿನ್ ಬೇರೆ ಬೇರೆ: ಮೊದಲನೆಯದಕ್ಕೆ ನಾಲ್ಕು ಸಿಲಿಂಡರ್, ಎರಡನೆಯದಕ್ಕೆ ಮೂರು. ನಾಜಲ್ಲಿಗೆ ಹೋಗುವ ಪೈಪುಗಳನ್ನು ಎಣಿಸಿದರೆ ಈ ಸಂಶಯ ಅಲ್ಲೇ ಪರಿಹಾರವಾಗುತ್ತದೆ.

ಹೆಡ್ ಬಿಚ್ಚಿದಾಗ ಬೋರ್ ಮತ್ತು ಸ್ಟ್ರೋಕ್ ಅಳೆಯುವ ಅವಕಾಶ ಸಿಗುತ್ತದೆ. ಎರಡರಲ್ಲಿ ಸ್ಟ್ರೋಕೇ ಹೆಚ್ಚು ನಂಬಿಕೆಗೆ ಅರ್ಹ. ಬೋರ್ ರಿಪೇರಿಯಲ್ಲಿ ಕೊರೆಸಿ ದೊಡ್ಡದಾಗಿರಬಹುದು. ಸ್ಟ್ರೋಕನ್ನು ನಿರ್ಧರಿಸುವುದು ಕ್ರ್ಯಾಂಕ್‌ಶಾಫ್ಟ್, ಬೋರ್ ಕೊರೆದರೆ ಅದು ಬದಲಾಗದು. ಪರ್ಕಿನ್ಸ್ 3.152ರ ಮೂಲ ಬೋರ್ 91.44 ಮಿಮೀ, ಸ್ಟ್ರೋಕ್ 127 ಮಿಮೀ. ಮೂರು ಸಿಲಿಂಡರಿಗೆ ಲೆಕ್ಕ ಹಾಕಿದರೆ ಸುಮಾರು 2,500 ಸಿಸಿ. ಪಿ3.144ರ ಸ್ಟ್ರೋಕೂ ಅಷ್ಟೇ, ಬೋರ್ ಮಾತ್ರ 88.9 ಮಿಮೀ. ಅಂದರೆ ಸ್ಟ್ರೋಕ್ ವಂಶವನ್ನು ಹೇಳುತ್ತದೆ, ಬೋರ್ ಆ ವಂಶದೊಳಗಿನ ಶಾಖೆಯನ್ನು.

ಈ ವಿಧಾನಕ್ಕೂ ಒಂದು ಮಿತಿ ಇದೆ. ಸ್ಟ್ಯಾಂಡರ್ಡ್ 23ಸಿ ಮತ್ತು ಬಿಡಿ-144 ಎರಡೂ ನಾಲ್ಕು ಸಿಲಿಂಡರಿನವು, ಎರಡರ ಸ್ಟ್ರೋಕೂ 101.6 ಮಿಮೀ. ಬೋರ್ ಮೊದಲನೆಯದರಲ್ಲಿ 84.14, ಎರಡನೆಯದರಲ್ಲಿ 85.73 ಮಿಮೀ, ವ್ಯತ್ಯಾಸ ಒಂದು ಇಂಚಿನ ಹದಿನಾರನೇ ಒಂದು ಭಾಗ. ಸವೆತ ಮತ್ತು ಕೊರೆತ ಸೇರಿದರೆ ಈ ಅಂತರ ಮುಚ್ಚಿಹೋಗಬಹುದು. ಆಗ ಅಳತೆಯನ್ನು ಬಿಟ್ಟು ಬ್ಲಾಕಿನ ಮೇಲಿನ ಎರಕದ ಗುರುತುಗಳಿಗೆ ಹೋಗಬೇಕು. ಒಂದೇ ಸಾಕ್ಷ್ಯದ ಮೇಲೆ ತೀರ್ಪು ಕೊಡಬಾರದೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.

6. ಪಂಪು ಮತ್ತು ತಿರುಪು

ಪರ್ಕಿನ್ಸ್ ವಂಶದ ಎಂಜಿನ್ ಡೆಕ್ಸ್‌ಟಾದಲ್ಲೂ ಇದೆ, ಮಸ್ಸೆ ಫರ್ಗುಸನ್ 35ರಲ್ಲೂ ಇದೆ. ಎರಡನ್ನೂ ಬೇರ್ಪಡಿಸುವುದು ಡೀಸೆಲ್ ಪಂಪು. ಡೆಕ್ಸ್‌ಟಾದ್ದು ಸಿಮ್ಸ್ ಕಂಪನಿಯ ಸಾಲು ಪಂಪು, ಪ್ರತಿ ಸಿಲಿಂಡರಿಗೂ ಅದರಲ್ಲಿ ಪ್ರತ್ಯೇಕ ಎಲಿಮೆಂಟ್ ಇರುತ್ತದೆ. 35ರದ್ದು ಸಿಎವಿ ಕಂಪನಿಯ ರೋಟರಿ ಪಂಪು, ಒಂದೇ ತಲೆಯಿಂದ ಎಲ್ಲ ಪೈಪುಗಳೂ ಹೊರಡುತ್ತವೆ.

ಇಂಗ್ಲಿಷ್ ಟ್ರ್ಯಾಕ್ಟರಿನ ಮೇಲೆ ಮೈಕೋ ಪಂಪು ಕಂಡರೆ ಅದಕ್ಕೂ ಅರ್ಥವಿದೆ. ಬಾಷ್ ಸಹಯೋಗದ ಮೈಕೋ 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆನಿಂತಿತು. ಆಮದಾದ ಯಂತ್ರಕ್ಕೆ ಬೆಂಗಳೂರಿನ ಪಂಪು ಬಂದಿದೆಯೆಂದರೆ ಮೂಲ ಪಂಪು ಇಲ್ಲೇ ಬದಲಾಗಿದೆ. ಹಾಗೆಯೇ ಬ್ಲಾಕಿನ ಮೇಲೆ ಸಿಂಪ್ಸನ್ ಎಂಬ ಹೆಸರಿದ್ದರೆ ಅದು ಮದ್ರಾಸಿನಲ್ಲಿ ಪರವಾನಗಿಯ ಮೇಲೆ ತಯಾರಾದ ಪರ್ಕಿನ್ಸ್. ವಿನ್ಯಾಸ ಇಂಗ್ಲೆಂಡಿನದು, ಎರಕ ನಮ್ಮದು.

ಬೇಗಂ ಬಜಾರಿನ ಕಬ್ಬಿಣದ ಅಂಗಡಿಗಳ ಸರಕೇ ಇನ್ನೊಂದು ಸಾಕ್ಷ್ಯ: ನಟ್ಟು ಬೋಲ್ಟು. ಇಂಗ್ಲೆಂಡ್, ಅಮೆರಿಕದ ಯಂತ್ರಗಳ ತಿರುಪು ಇಂಚಿನ ಲೆಕ್ಕದ್ದು, ಜೆಟರ್ ಮಿಲಿಮೀಟರಿನದು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಭಾರತದ ಪೇಟೆಗಳು ಹಂತಹಂತವಾಗಿ ಮೆಟ್ರಿಕ್ ಪದ್ಧತಿಗೆ ಹೊರಳಿದವು. ಆದರೂ ಇಂಚು, ಸೂತುಗಳ ಲೆಕ್ಕ ಅಂಗಡಿಗಳಲ್ಲಿ ಉಳಿದೇ ಇದೆ. ಇಂಚಿನ ಯಂತ್ರದಲ್ಲಿ ಮಿಲಿಮೀಟರಿನ ಬೋಲ್ಟು, ಅದಕ್ಕಾಗಿ ಹೊಸದಾಗಿ ಹಾಕಿದ ಮರೆ ಕಂಡರೆ ಆ ಜಾಗವನ್ನು ಮುಂಚೆ ಬಿಚ್ಚಿದ್ದಾರೆಂದೇ ತಿಳಿಯಬೇಕು.

7. ಬದಲಿ ಎಂಜಿನ್ನಿನ ಪತ್ತೆ

ಫರ್ಗುಸನ್ ಮಾದರಿಯ ಟ್ರ್ಯಾಕ್ಟರಿಗೆ ಪ್ರತ್ಯೇಕ ಚಾಸಿ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನೆಲುಬಾಗುತ್ತವೆ. ಬೇರೆ ಎಂಜಿನ್ ಕೂಡಿಸಬೇಕಾದರೆ ಗೇರ್‌ಬಾಕ್ಸಿನ ಬಾಯಿಗೂ ಎಂಜಿನ್ನಿನ ಬೆನ್ನಿಗೂ ನಡುವೆ ಹೊಂದಾಣಿಕೆಯ ದಪ್ಪ ಪ್ಲೇಟು ಬೇಕು. ಆ ಪ್ಲೇಟು, ಖಾಲಿ ಉಳಿದ ಹಳೆಯ ತೂತುಗಳು, ಉದ್ದಮಾಡಿದ ಬಾನೆಟ್ ಬದಲಾವಣೆಯನ್ನು ಸಾರಿ ಹೇಳುತ್ತವೆ. ಆದರೆ ಇವನ್ನು ಕಂಡೊಡನೆ ಊರ ಮೇಸ್ತ್ರಿಯ ಕೆಲಸವೆಂದು ತೀರ್ಮಾನಿಸಬಾರದು. 1950ರ ದಶಕದಲ್ಲಿ ಫರ್ಗುಸನ್ ಟ್ರ್ಯಾಕ್ಟರಿಗೆ ಪಿ3 ಎಂಜಿನ್ ಕೂಡಿಸುವ ಪೂರ್ಣ ಸಲಕರಣೆಯನ್ನು ಪರ್ಕಿನ್ಸ್ ಕಂಪನಿಯೇ ಮಾರುತ್ತಿತ್ತು. ಪ್ಲೇಟು ಕಾರ್ಖಾನೆಯ ಎರಕವೋ, ಗ್ಯಾಸ್ ಕಟ್ಟರಿನಿಂದ ಕತ್ತರಿಸಿದ ತಗಡೋ ಎಂಬುದನ್ನು ನೋಡಿ ನಿರ್ಧರಿಸಬೇಕು.

ಕಾಲನಿರ್ಣಯಕ್ಕೆ ಎರಕದ ದಿನಾಂಕ ನೆರವಾಗುತ್ತದೆ. ಬ್ರಿಟಿಷ್ ಎರಕದ ಮನೆಗಳು ದಿನ, ತಿಂಗಳಿಗೊಂದು ಅಕ್ಷರ, ವರ್ಷದ ಅಂಕಿಗಳನ್ನು ಲೋಹದಲ್ಲೇ ಉಬ್ಬಿಸಿ ಬಿಡುವುದುಂಟು. ಎರಕ ಮೊದಲು, ಜೋಡಣೆ ನಂತರ. ಆದ್ದರಿಂದ ಫಲಕ 1955ರ ಯಂತ್ರವೆಂದು ಹೇಳುವಾಗ ಬ್ಲಾಕಿನ ಎರಕ 1961ರದಾಗಿದ್ದರೆ ಎಂಜಿನ್ ಬದಲಾದದ್ದು ಖಚಿತ. ಎರಕ ಫಲಕಕ್ಕಿಂತ ಕೆಲವೇ ತಿಂಗಳು ಹಿಂದಿನದಾಗಿದ್ದರೆ ಅದು ಮೂಲ ಎಂಜಿನ್ ಆಗಿರಬಹುದು, ಆಗಿರಲೇಬೇಕೆಂದಿಲ್ಲ. ಅಲ್ಲಗಳೆಯುವುದರಲ್ಲಿ ಈ ಸಾಕ್ಷ್ಯ ಬಲಶಾಲಿ, ಸಾಧಿಸುವುದರಲ್ಲಿ ಅಷ್ಟಲ್ಲ.

8. ಕಾಗದಪತ್ರದ ಸಾಕ್ಷ್ಯ

ಆರ್‌ಸಿ ಪುಸ್ತಕದ ಮೇಲೆ ಮಾಲೀಕರಿಗೆ ಅಪಾರ ನಂಬಿಕೆ. ಅದರಲ್ಲಿರುವ ನೋಂದಣಿಯ ವರ್ಷ ತಯಾರಿಕೆಯ ವರ್ಷವಾಗಿರಬೇಕಿಲ್ಲ. ರಾಯಚೂರಿನ ಹಳೆಯ ಯಂತ್ರವೊಂದು 1956ಕ್ಕೆ ಮುಂಚೆ ಹೈದರಾಬಾದ್ ರಾಜ್ಯದ, ಆಮೇಲೆ ಮೈಸೂರು ರಾಜ್ಯದ, 1973ರ ನಂತರ ಕರ್ನಾಟಕದ ದಾಖಲೆಗಳಲ್ಲಿ ಹಾದು ಬಂದಿರಬಹುದು. ಪ್ರತಿ ನಕಲಿನಲ್ಲೂ ಒಂದು ಅಕ್ಷರ ಜಾರುವ ಸಾಧ್ಯತೆ ಇದೆ. ಸರಣಿ ಸಂಖ್ಯೆಯ 'ಎನ್' ಬಿಟ್ಟುಹೋದರೆ ಮೂರು ಸಿಲಿಂಡರಿನ ಗುರುತೇ ಹೋಯಿತು. ಪುಸ್ತಕದ ಎಂಜಿನ್ ಸಂಖ್ಯೆಗೂ ಬ್ಲಾಕಿನ ಸಂಖ್ಯೆಗೂ ತಾಳೆ ಬೀಳದಿದ್ದರೆ ಎರಡನ್ನೂ ಬರೆದುಕೊಳ್ಳಬೇಕು, ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಬಾರದು.

ಮನೆಯ ಪೆಟ್ಟಿಗೆಯಲ್ಲಿ ಉಳಿದ ಅಂಗಡಿಯ ಬಿಲ್ಲುಗಳು ಇದಕ್ಕಿಂತ ಹೆಚ್ಚು ಹೇಳಬಲ್ಲವು. ಯಾವ ವರ್ಷ ಯಾವ ಎಂಜಿನ್ನಿನ ಲೈನರ್, ಪಿಸ್ಟನ್ ಕೊಂಡರೆಂಬುದು ಬಿಲ್ಲಿನಲ್ಲಿದ್ದರೆ ಆ ವರ್ಷ ಯಂತ್ರದೊಳಗೆ ಯಾವ ಎಂಜಿನ್ ಇತ್ತೆಂಬುದು ತಾನಾಗಿ ಗೊತ್ತಾಗುತ್ತದೆ. ಮೂಲ ಅಳತೆಗಳನ್ನು ತಾಳೆ ನೋಡಲು ಮಧ್ಯಪ್ರದೇಶದ ಬುದನಿಯ ಕೇಂದ್ರದ ಪರೀಕ್ಷಾ ವರದಿಗಳೂ 1920ರಲ್ಲಿ ಆರಂಭವಾದ ಅಮೆರಿಕದ ನೆಬ್ರಾಸ್ಕ ಪರೀಕ್ಷೆಗಳೂ ಆಧಾರ.

9. ನಿರ್ಣಯ

ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಮಾದರಿಯನ್ನು ಗೇರ್‌ಬಾಕ್ಸ್, ಆಕ್ಸಲ್ ಎರಕ ಹಾಗೂ ಫಲಕದಿಂದ ನಿರ್ಧರಿಸಬೇಕು. ಎಂಜಿನ್ನನ್ನು ಸಿಲಿಂಡರ್ ಎಣಿಕೆ, ಸ್ಟ್ರೋಕ್, ಪಂಪು ಮತ್ತು ಬ್ಲಾಕಿನ ಎರಕದಿಂದ ನಿರ್ಧರಿಸಬೇಕು. ಎರಡೂ ಕೂಡದಿದ್ದಲ್ಲಿ ಆ ವ್ಯತ್ಯಾಸವನ್ನೇ ಮೂರನೆಯ ಸಂಗತಿಯಾಗಿ, ಸಾಧ್ಯವಾದರೆ ಬದಲಾದ ಕಾಲದೊಂದಿಗೆ, ದಾಖಲಿಸಬೇಕು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಕಲ್ಯಾಣ ಕರ್ನಾಟಕದ ಹಳೆಯ ಟ್ರ್ಯಾಕ್ಟರುಗಳ ಪಟ್ಟಿಯೊಂದನ್ನು ಈ ಮೂರು ಅಂಕಣಗಳಲ್ಲಿ ಸಿದ್ಧಪಡಿಸಲು ಅದಕ್ಕಿಂತ ಯೋಗ್ಯ ನೆಲೆ ಇಲ್ಲ. ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಹುಮ್ಮಸ್ಸಿನಲ್ಲಿ ಬದಲಿ ಎಂಜಿನ್ನನ್ನು ಕಿತ್ತು ಗುಜರಿಗೆ ಹಾಕುವವರು ಅದರ ಸಂಖ್ಯೆ, ಎರಕದ ಗುರುತು, ಹೊಂದಾಣಿಕೆಯ ಪ್ಲೇಟಿನ ಅಳತೆಗಳನ್ನಾದರೂ ಮೊದಲು ಬರೆದಿಡಬೇಕು. ಕೊವೆಂಟ್ರಿಯ ದಾಖಲೆಗಳನ್ನು ಕಾಯಲು ಇಂಗ್ಲೆಂಡಿನಲ್ಲಿ ಜನರಿದ್ದಾರೆ. ಕೊವೆಂಟ್ರಿಯ ಗೇರ್‌ಬಾಕ್ಸಿಗೆ ಮದ್ರಾಸಿನ ಎಂಜಿನ್, ಆಡುಗೋಡಿಯ ಪಂಪು, ಬೇಗಂ ಬಜಾರಿನ ಬೋಲ್ಟು ಕೂಡಿಸಿ ನಮ್ಮ ಮೇಸ್ತ್ರಿಗಳು ಹೊಲವನ್ನು ಬೀಳು ಬೀಳದಂತೆ ನೋಡಿಕೊಂಡ ಚರಿತ್ರೆಯನ್ನು ಬರೆಯಬೇಕಾದವರು ನಾವೇ.