ಪ್ರಾದೇಶಿಕ ಹವಾಮಾನ ಮಾದರಿ

ಪ್ರಾದೇಶಿಕ ಹವಾಮಾನ ಮಾದರಿಯು ಸೀಮಿತ ಭೂಭಾಗವೊಂದರ ಮುಂದಿನ ದಶಕಗಳ ತಾಪಮಾನ ಮತ್ತು ಮಳೆಯನ್ನು ಅಂದಾಜಿಸಲು ಬಳಸುವ ಗಣಕ ಮಾದರಿಯಾಗಿದೆ.

ಕಾರ್ಯವಿಧಾನ

ಜಾಗತಿಕ ಮಾದರಿಗಳು ಭೂಮಿಯನ್ನು ಸಾಮಾನ್ಯವಾಗಿ 100ರಿಂದ 250 ಕಿ.ಮೀ. ಅಗಲದ ಚೌಕಗಳಾಗಿ ವಿಂಗಡಿಸುತ್ತವೆ. ಪ್ರಾದೇಶಿಕ ಮಾದರಿಯು ಗಾಳಿ, ತೇವಾಂಶ, ತಾಪಮಾನ ಮತ್ತು ಒತ್ತಡಗಳ ಮಾಹಿತಿಯನ್ನು ಅವುಗಳಿಂದ ತನ್ನ ಗಡಿಗಳಲ್ಲಿ ಪಡೆದು, ಒಳಭಾಗವನ್ನು 50 ಕಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಇಂತಹ ಮಾದರಿಗಳ ಫಲಿತಾಂಶಗಳನ್ನು ಹೋಲಿಸಲು ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮವು 2009ರಲ್ಲಿ ‘ಕಾರ್ಡೆಕ್ಸ್’ ಯೋಜನೆಯನ್ನು ಆರಂಭಿಸಿತು. ದಕ್ಷಿಣ ಏಷ್ಯಾದ ಅಧ್ಯಯನಗಳಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದೆ.

ಕುಡಚಿ ಪ್ರದೇಶ

ಕೃಷ್ಣಾ ನದಿಯ ಉಗಮಸ್ಥಾನವಾದ ಮಹಾಬಳೇಶ್ವರದಲ್ಲಿ ವಾರ್ಷಿಕ ಸರಾಸರಿ ಮಳೆ 5,000 ಮಿ.ಮೀ. ಮೀರುತ್ತದೆ. ಅದೇ ನದಿಯ ದಂಡೆಯ ಕುಡಚಿ ಹಾಗೂ ಸಮೀಪದ ರಾಯಬಾಗ, ಅಥಣಿ ತಾಲ್ಲೂಕುಗಳು ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿವೆ. ಇಲ್ಲಿ ಮಳೆ ಬಹಳ ಕಡಿಮೆ. ಘಟ್ಟವೂ ಬಯಲೂ ಒಂದೇ ದೊಡ್ಡ ಚೌಕದೊಳಗೆ ಸೇರಿದರೆ ದೊರೆಯುವ ಸರಾಸರಿ ಎರಡಕ್ಕೂ ಹೊಂದುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟ್ಟ ಪ್ರದೇಶದ ಭಾರೀ ಮಳೆಯಿಂದ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ನದಿತೀರದ ಗ್ರಾಮಗಳು ಜಲಾವೃತವಾದವು. ಆದ್ದರಿಂದ ಈ ಪ್ರದೇಶದ ಮಳೆಯಾಶ್ರಿತ ಬೆಳೆಗೆ ಸ್ಥಳೀಯ ಮಳೆಯ ಅಂದಾಜು ಬೇಕಾದರೆ, ಪ್ರವಾಹ ಸಿದ್ಧತೆಗೆ ಘಟ್ಟದ ಮಳೆಯ ಅಂದಾಜೂ ಬೇಕು.

ಮಿತಿಗಳು

ಜಾಗತಿಕ ಮಾದರಿಯ ದೋಷಗಳು ಗಡಿಯ ಮಾಹಿತಿಯೊಂದಿಗೆ ಪ್ರಾದೇಶಿಕ ಮಾದರಿಗೂ ಬರುತ್ತವೆ. ತಾಪಮಾನ ಏರಿಕೆಯ ಬಗ್ಗೆ ಮಾದರಿಗಳಲ್ಲಿರುವ ಸಹಮತ ಮಳೆಯ ಬಗ್ಗೆ ಇಲ್ಲ. ಆದ್ದರಿಂದ ಹಲವು ಮಾದರಿಗಳ ಫಲಿತಾಂಶಗಳನ್ನು ಒಟ್ಟಾಗಿ ಪರಿಗಣಿಸಲಾಗುತ್ತದೆ. ಈ ಅಂದಾಜುಗಳು ಹಸಿರುಮನೆ ಅನಿಲಗಳ ಭವಿಷ್ಯದ ಪ್ರಮಾಣವನ್ನು ಅವಲಂಬಿಸಿದ್ದು, ನಿರ್ದಿಷ್ಟ ದಿನದ ಹವಾಮಾನ ಮುನ್ಸೂಚನೆಗಳಲ್ಲ.