ಬೆಳಗಿನ ಆ ಟ್ಯೂನ್ ಯಾರದ್ದು? (ಇತಿಹಾಸ ಸರಣಿ, ಭಾಗ 4)

ಬೆಳಗಿನ ಜಾವ ಅಜ್ಜಿ ರೇಡಿಯೊ ಹಾಕಿದಾಗ, ವಂದೇ ಮಾತರಂಗೂ ಮುಂಚೆ ಒಂದು ಟ್ಯೂನ್ ಬರ್ತಿತ್ತು, ನೆನಪಿದ್ಯಾ? ಹಿಂದೆ ತಂಬೂರಿ, ಮೇಲೆ ಪಿಟೀಲು. ಅದೇ ಸ್ವರಗಳು ಮತ್ತೆ ಮತ್ತೆ. ಆರ್‌.ಟಿ. ನಗರದಲ್ಲಿ ನಮ್ಮಜ್ಜಿ ಅದು ಕೇಳಿಸಿದ ಮೇಲೇ ಹಾಲು ಕಾಯಿಸೋಕೆ ಇಡ್ತಿದ್ರು.

‘ಆಕಾಶವಾಣಿ’ ಅನ್ನೋ ಹೆಸರು ನಮ್ಮ ಮೈಸೂರಿನದು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರು ಮುಂದೆ ಇಡೀ ದೇಶದ್ದಾಯ್ತು. ಇದು ನಿಮಗೆ ಗೊತ್ತಿರಬಹುದು. ಆದ್ರೆ ಆ ಟ್ಯೂನ್ ಮಾಡಿದ್ದು ಯಾರು?

ವಾಲ್ಟರ್ ಕೌಫ್‌ಮನ್. ಈಗಿನ ಚೆಕ್ ದೇಶದ ಯಹೂದಿ ಸಂಗೀತ ಸಂಯೋಜಕ. ಪ್ರಾಗ್‌ನಲ್ಲಿ ಪಿಎಚ್‌.ಡಿ. ಮಾಡ್ತಿದ್ದಾಗ ತಮ್ಮ ಗೈಡ್ ನಾಜಿ ಪರ ಅಂತ ಗೊತ್ತಾಗಿ, ಆ ಪದವಿಯೇ ಬೇಡ ಅಂದುಬಿಟ್ರು. ಇಂಟರ್ನಲ್ ಮಾರ್ಕ್ಸ್‌ಗೆ ಹೆದರಿ ಬಾಯಿ ಮುಚ್ಚಿಕೊಳ್ಳೋ ನಮಗೆ ಇದರ ತೂಕ ಗೊತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ; ಜರ್ಮನಿಯಲ್ಲಿ ಯಹೂದಿ ಕಲಾವಿದರ ಕೆಲಸಗಳು ಹೋದವು. 1934ರಲ್ಲಿ ಕೌಫ್‌ಮನ್ ಮುಂಬೈಗೆ ಬಂದಿಳಿದರು. ಆಗ ವಯಸ್ಸು 26.

ಮೊದಮೊದಲು ನಮ್ಮ ಸಂಗೀತ ಅವರಿಗೆ ಒಗ್ಗಲೇ ಇಲ್ಲ. ಆದ್ರೆ ಲಕ್ಷಾಂತರ ಜನ ಪ್ರೀತಿಸೋ ಸಂಗೀತ ತನಗೆ ಹಿಡಿಸದಿದ್ರೆ ತಪ್ಪು ತನ್ನದೇ ಇರಬೇಕು ಅಂದುಕೊಂಡು ಕಲಿಯೋಕೆ ಕೂತರು. 1936ರ ಸುಮಾರಿಗೆ ಆ ಟ್ಯೂನ್ ಹುಟ್ಟಿತು. 1937ರಿಂದ 1946ರವರೆಗೆ ಮುಂಬೈ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು. ಆಮೇಲೆ ಕೆನಡಾ, ಅಮೆರಿಕ. ಅಲ್ಲಿದ್ದುಕೊಂಡೇ ದಕ್ಷಿಣ ಭಾರತದ ರಾಗಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. 1976ರಲ್ಲಿ ಅದು ಬಂತು. 1984ರಲ್ಲಿ ತೀರಿಕೊಂಡರು.

ಅವರ ಪತ್ನಿ ಗರ್ಟಿ, ಸಾಹಿತಿ ಫ್ರಾಂಜ್ ಕಾಫ್ಕಾ ಅವರ ತಂಗಿಯ ಮಗಳು. ಕಾಫ್ಕಾನ ಮೂವರು ತಂಗಿಯರೂ ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಕೌಫ್‌ಮನ್ ಯಾವುದರಿಂದ ತಪ್ಪಿಸಿಕೊಂಡು ಬಂದಿದ್ರು ಅನ್ನೋದು ಇಷ್ಟರಲ್ಲೇ ತಿಳಿಯುತ್ತೆ.

ಯುರೋಪಿನ ಊರುಗಳಲ್ಲಿ, ಹೀಗೆ ಬೇಟೆಯಾದವರ ಮನೆ ಮುಂದೆ ಹೆಸರು ಕೆತ್ತಿದ ಪುಟ್ಟ ಹಿತ್ತಾಳೆ ಕಲ್ಲುಗಳನ್ನ ನೆಲದಲ್ಲಿ ಕೂರಿಸಿದ್ದಾರೆ. ನಮ್ಮಲ್ಲಿರೋದು ಕಲ್ಲಲ್ಲ, ಸ್ವರ. ಸ್ಮಾರಕ ಅಂತ ಯಾರೂ ಮಾಡಿದ್ದಲ್ಲ, ಅದರಲ್ಲಿ ಹೆಸರೂ ಇಲ್ಲ. ಆದ್ರೂ ದೇಶ ಬಿಟ್ಟು ಬಂದ ಒಬ್ಬ ನಿರಾಶ್ರಿತನ ಸ್ವರ ಕೇಳಿ ಕೋಟ್ಯಂತರ ಮನೆಗಳು ಎದ್ದಿವೆ.

‘ಹೊರಗಿನವರು ಏನು ಕೊಟ್ರು?’ ಅಂತ ಯಾರಾದ್ರೂ ಕೇಳಿದ್ರೆ, ಈ ಟ್ಯೂನ್ ಹಾಕಿ ಕೇಳಿಸಿ. ಇವತ್ತು ಮನೆಗೆ ಹೋಗಿ ಅಜ್ಜಿಗೆ ಆ ಹೆಸರು ಹೇಳಿ. ನಾನು ಹೇಳಿದಾಗ ನಮ್ಮಜ್ಜಿ ಕೇಳಿದ್ದು ಒಂದೇ: ‘ಪಾಪ, ಆಮೇಲೆ ಅವನಿಗೆ ತನ್ನೂರು ಸಿಕ್ತಾ?’