ಹಾರ್ಡ್ ಡಿಸ್ಕಿನ ಪಾಲುಪಟ್ಟಿ

ಒಂದೇ ಗಣಕದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಸ್ಥಾಪಿಸಿಕೊಂಡು ಬಳಸುವವರು ಅನೇಕರಿದ್ದಾರೆ. ಗಣಕವನ್ನು ಚಾಲೂ ಮಾಡಿದೊಡನೆ ಯಾವುದು ಬೇಕೆಂದು ಕೇಳುವ ಪಟ್ಟಿ ಪರದೆಯ ಮೇಲೆ ಮೂಡುತ್ತದೆ. ಆದರೆ ಒಂದು ದಿನ ಎರಡರಲ್ಲಿ ಒಂದು ಏಳುವುದೇ ಇಲ್ಲ. ಪಾರ್ಟಿಶನ್ ಟೇಬಲ್ ಸರಿಯಿಲ್ಲ ಎಂಬ ಸಂದೇಶ ಬರುತ್ತದೆ. ಗಾಬರಿಯಾದವರು ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಲು ಹೊರಡುತ್ತಾರೆ. ವರ್ಷಗಳಿಂದ ಕೂಡಿಟ್ಟ ಪತ್ರಗಳು, ಚಿತ್ರಗಳು, ಲೆಕ್ಕಪತ್ರಗಳು ಅಲ್ಲಿಗೆ ಮುಗಿದಂತೆ. ನಿಜಕ್ಕೂ ಹಾಗೆ ಮಾಡುವ ಅಗತ್ಯವಿದೆಯೇ? ಇದನ್ನು ತಿಳಿಯಬೇಕಾದರೆ ಪಾರ್ಟಿಶನ್ ಟೇಬಲ್ ಹುಟ್ಟಿದ ಬಗೆಯನ್ನು ನೋಡಬೇಕು.

1983ರಲ್ಲಿ ಐಬಿಎಂ ಸಂಸ್ಥೆಯು ಪಿಸಿ ಎಕ್ಸ್‌ಟಿ ಎಂಬ ಗಣಕವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಇತ್ತು. ಅದರೊಡನೆ ಬಂದ ಡಾಸ್ 2.0 ಆವೃತ್ತಿಯಲ್ಲಿ ಡಿಸ್ಕನ್ನು ಭಾಗ ಮಾಡುವ ಸೌಲಭ್ಯವನ್ನು ಒದಗಿಸಲಾಯಿತು. ಒಂದೇ ಡಿಸ್ಕನ್ನು ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳು ಹಂಚಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಎಂದರೆ ಒಂದು ಗಣಕದಲ್ಲಿ ಎರಡು ವ್ಯವಸ್ಥೆಗಳ ಸಹವಾಸವು ಲಿನಕ್ಸ್ ಬಂದ ಮೇಲೆ ಹುಟ್ಟಿದ ಯೋಚನೆಯಲ್ಲ. ಪಾರ್ಟಿಶನ್ ಟೇಬಲ್ ಹುಟ್ಟಿದ್ದೇ ಅದಕ್ಕಾಗಿ.

ಅಣ್ಣತಮ್ಮಂದಿರು ಜಮೀನನ್ನು ಹಂಚಿಕೊಂಡಾಗ ಪಾಲುಪಟ್ಟಿ ಬರೆಸುವುದನ್ನು ನೀವು ಬಲ್ಲಿರಿ. ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅದರಲ್ಲಿರುತ್ತದೆ. ಪಾರ್ಟಿಶನ್ ಟೇಬಲ್ ಕೂಡ ಅಂತಹುದೇ ಪಟ್ಟಿ. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್‌ನಲ್ಲಿ ಒಟ್ಟು 512 ಬೈಟ್‌ಗಳಿವೆ. ಮೊದಲ 446 ಬೈಟ್‌ಗಳು ಗಣಕವನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ, ಕೊನೆಯ 2 ಬೈಟ್‌ಗಳು ಗುರುತಿಗೆ ಮೀಸಲು. ನಡುವೆ ಉಳಿದ 64 ಬೈಟ್‌ಗಳೇ ಪಾಲುಪಟ್ಟಿ. ಒಂದು ಪಾಲಿಗೆ 16 ಬೈಟ್‌ನಂತೆ ನಾಲ್ಕು ಪಾಲುಗಳಿಗಷ್ಟೇ ಅದರಲ್ಲಿ ಜಾಗ. ನಾಲ್ಕು ಸಾಲದೆ ಬಂದಾಗ, 1987ರ ಡಾಸ್ 3.3ರಲ್ಲಿ, ಒಂದು ಪಾಲನ್ನು ಮತ್ತೆ ಒಳಪಾಲುಗಳಾಗಿ ಮಾಡುವ ವಿಸ್ತೃತ ಪಾರ್ಟಿಶನ್ ಬಳಕೆಗೆ ಬಂತು. ಈ ಒಳಪಾಲುಗಳ ವಿವರ ಮೊದಲ ಸೆಕ್ಟರ್‌ನಲ್ಲಿ ಇರುವುದಿಲ್ಲ. ಒಂದು ಒಳಪಾಲಿನ ದಾಖಲೆ ಮುಂದಿನದರ ಜಾಗ ತೋರಿಸುತ್ತಾ ಸರಪಣಿಯಂತೆ ಸಾಗುತ್ತದೆ. ನಡುವಿನ ಒಂದು ಕೊಂಡಿ ಕಳಚಿದರೆ ಅದರ ಮುಂದಿನವೆಲ್ಲ ಕಾಣೆಯಾದಂತೆ ತೋರುತ್ತವೆ.

ಇನ್ನು ಆ 16 ಬೈಟ್‌ಗಳೊಳಗೆ ಇಣುಕೋಣ. ಪ್ರತಿಯೊಂದು ಪಾಲಿನ ಎಲ್ಲೆಯನ್ನೂ ಅಲ್ಲಿ ಎರಡು ರೀತಿಯಲ್ಲಿ ಬರೆದಿರುತ್ತದೆ. ಮೊದಲನೆಯದು ಸಿಲಿಂಡರ್, ಹೆಡ್ ಮತ್ತು ಸೆಕ್ಟರ್ ಸಂಖ್ಯೆಗಳ ರೂಪದಲ್ಲಿ. ಎರಡನೆಯದು ಡಿಸ್ಕಿನ ಆರಂಭದಿಂದ ಎಷ್ಟನೆಯ ಸೆಕ್ಟರ್ ಎಂಬ ನೇರ ಎಣಿಕೆಯಲ್ಲಿ. ಇದಕ್ಕೆ ಎಲ್‌ಬಿಎ ವಿಳಾಸವೆಂದು ಹೆಸರು. ಎರಡೂ ಹೊಂದಿಕೊಂಡಿದ್ದರೆ ತಕರಾರಿಲ್ಲ. ಹೊಂದದಿದ್ದರೆ?

ಮೊದಲ ರೀತಿಯ ವಿಳಾಸಕ್ಕೆ ಮೂಲದಲ್ಲೇ ಒಂದು ತೊಡಕಿತ್ತು. ಸಿಲಿಂಡರ್‌ಗೆ 10, ಹೆಡ್‌ಗೆ 8, ಸೆಕ್ಟರ್‌ಗೆ 6 ಬಿಟ್‌ಗಳಷ್ಟೇ ಜಾಗ. ಬಯಾಸ್‌ನ ಮಿತಿ ಮತ್ತು ಡಿಸ್ಕಿನ ಮಿತಿ ಎರಡೂ ಸೇರಿ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ಗಳನ್ನು ದಾಟುವಂತಿರಲಿಲ್ಲ. ಗುಣಿಸಿ ನೋಡಿದರೆ ಸುಮಾರು 528 ಮೆಗಾಬೈಟ್. 1990ರ ದಶಕದಲ್ಲಿ ಡಿಸ್ಕ್‌ಗಳು ಈ ಮಿತಿಯನ್ನು ಮೀರಿದಾಗ ಬಯಾಸ್ ತಯಾರಕರು ಉಪಾಯವೊಂದನ್ನು ಮಾಡಿದರು. ಡಿಸ್ಕಿನಲ್ಲಿ 255 ಹೆಡ್‌ಗಳಿವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರು. ಇದರಿಂದ ಮಿತಿ 8.4 ಗಿಗಾಬೈಟ್‌ಗೆ ಏರಿತು. ಅಷ್ಟು ಹೆಡ್‌ಗಳು ಯಾವ ಡಿಸ್ಕಿನಲ್ಲೂ ಇರಲಿಲ್ಲ. ಅದು ಕಾಗದದ ಮೇಲಿನ ಲೆಕ್ಕ. ಆದರೆ ಎಲ್ಲರೂ ಅದೇ ಲೆಕ್ಕವನ್ನು ಒಪ್ಪಿ ನಡೆಯುವವರೆಗೆ ಮಾತ್ರ ಅದು ಸುರಕ್ಷಿತ.

ಅಳತೆಯ ಸರಪಳಿಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಎಲ್ಲೆಯ ಕಲ್ಲು 10 ಸರಪಳಿ ದೂರದಲ್ಲಿದೆ ಎಂದು ಪತ್ರದಲ್ಲಿದೆ ಎನ್ನಿ. ಒಬ್ಬನ ಸರಪಳಿ 33 ಅಡಿ, ಇನ್ನೊಬ್ಬನದು 66 ಅಡಿ. ಒಬ್ಬ 330 ಅಡಿಗೆ ನಿಂತರೆ ಇನ್ನೊಬ್ಬ 660 ಅಡಿಗೆ ಹೋಗಿ ನಿಲ್ಲುತ್ತಾನೆ. ಡಿಸ್ಕಿನಲ್ಲೂ ಹಾಗೆಯೇ. 100 ಸಿಲಿಂಡರ್‌ಗಳ ದೂರ ಎಂದರೆ 255 ಹೆಡ್‌ಗಳ ಲೆಕ್ಕದಲ್ಲಿ 16,06,500 ಸೆಕ್ಟರ್‌ಗಳು; 16 ಹೆಡ್‌ಗಳ ಲೆಕ್ಕದಲ್ಲಿ ಬರೀ 1,00,800.

ಈ ಗೊಂದಲ ದೊಡ್ಡದಾಗಿ ಹೊರಬಿದ್ದುದು 2004ರಲ್ಲಿ. ಲಿನಕ್ಸ್‌ನ 2.6 ಕರ್ನೆಲ್ 2003ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿತ್ತು. ಬಯಾಸ್ ಇಟ್ಟುಕೊಂಡ ಲೆಕ್ಕವನ್ನು ಊಹಿಸಿ ಹೇಳುವ ಕೆಲಸವನ್ನು ಈ ಕರ್ನೆಲ್ ಕೈಬಿಟ್ಟಿತು. ಲಿನಕ್ಸ್ ನೇರ ಎಣಿಕೆಯನ್ನೇ ನಂಬುವುದರಿಂದ ಅದಕ್ಕೆ ಅದರ ಅಗತ್ಯವೂ ಇರಲಿಲ್ಲ. 2004ರ ಮೇ ತಿಂಗಳಲ್ಲಿ ಫೆಡೋರಾ ಕೋರ್ 2 ಹೊರಬಂತು. ಅದನ್ನು ವಿಂಡೋಸ್ ಎಕ್ಸ್‌ಪಿಯ ಪಕ್ಕದಲ್ಲಿ ಸ್ಥಾಪಿಸಿದ ಕೆಲವರ ಗಣಕಗಳಲ್ಲಿ ವಿಂಡೋಸ್ ಏಳದೆ ಹೋಯಿತು. ಸ್ಥಾಪನೆಯ ಸಮಯದಲ್ಲಿ ಪಾರ್ಟಿಶನ್ ತಂತ್ರಾಂಶವು ಪಾಲುಪಟ್ಟಿಯನ್ನು 16 ಹೆಡ್‌ಗಳ ಲೆಕ್ಕದಲ್ಲಿ ತಿದ್ದಿ ಬರೆದಿತ್ತು. ಕೆಲವು ಬಯಾಸ್‌ಗಳು ಪಾಲುಪಟ್ಟಿಯನ್ನೇ ನೋಡಿ ಡಿಸ್ಕಿನ ಲೆಕ್ಕವನ್ನು ನಿರ್ಧರಿಸುತ್ತಿದ್ದವು. ವಿಂಡೋಸ್ ಮಾತ್ರ ತಾನು ಸ್ಥಾಪನೆಯಾದಾಗ ಬರೆದುಕೊಂಡಿದ್ದ 255ನ್ನೇ ನಂಬಿ ಹುಡುಕುತ್ತಿತ್ತು.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಿ. ಎಲ್‌ಬಿಎ ಎಣಿಕೆ ಸರಿಯಾಗಿಯೇ ಇತ್ತು. ವಿಂಡೋಸ್‌ನ ಕಡತಗಳು ಇದ್ದ ಜಾಗದಲ್ಲೇ ಇದ್ದವು. ಕೆಟ್ಟಿದ್ದುದು ವಿಳಾಸ ಮಾತ್ರ. ಪರಿಹಾರವೂ ಅಷ್ಟೇ ಸರಳವಾಗಿತ್ತು. ಅನೇಕ ಗಣಕಗಳಲ್ಲಿ ಬಯಾಸ್‌ನಲ್ಲಿ ಡಿಸ್ಕಿನ ವಿಧಾನವನ್ನು 'ಆಟೋ' ಬದಲು 'ಎಲ್‌ಬಿಎ' ಎಂದು ಆರಿಸಿದರೆ ಸಾಕಾಗುತ್ತಿತ್ತು. ಇಲ್ಲವಾದರೆ ಎಸ್‌ಎಫ್‌ಡಿಸ್ಕ್ ಎಂಬ ಲಿನಕ್ಸ್ ಸಲಕರಣೆಯಿಂದ ಪಾಲುಪಟ್ಟಿಯನ್ನು 255 ಹೆಡ್‌ಗಳ ಲೆಕ್ಕದಲ್ಲಿ ಮತ್ತೆ ಬರೆಸಬಹುದಿತ್ತು. ಅವಸರದಲ್ಲಿ ಫಾರ್ಮ್ಯಾಟ್ ಮಾಡಿದವರಾದರೆ ಇದ್ದ ಮಾಹಿತಿಯನ್ನು ತಾವೇ ಅಳಿಸಿಕೊಂಡಂತೆ.

ಎರಡು ವ್ಯವಸ್ಥೆಗಳಿರುವ ಹಳೆಯ ಮಾದರಿಯ ಗಣಕಗಳಲ್ಲಿ ಇನ್ನೊಂದು ತೊಂದರೆಯೂ ಸಾಮಾನ್ಯ. ವಿಂಡೋಸನ್ನು ಮರುಸ್ಥಾಪಿಸಿದ ಮೇಲೆ ಲಿನಕ್ಸ್ ಮಾಯವಾಗುತ್ತದೆ. ವಿಂಡೋಸ್ ಮೊದಲ 446 ಬೈಟ್‌ಗಳಲ್ಲಿ ತನ್ನ ಕ್ರಮವಿಧಿಯನ್ನು ಬರೆದು ಲಿನಕ್ಸ್‌ನ ಗ್ರಬ್ ತಂತ್ರಾಂಶದ ಭಾಗವನ್ನು ಅಳಿಸಿರುತ್ತದೆ. ಪಾಲುಪಟ್ಟಿಯೂ ಲಿನಕ್ಸ್‌ನ ಪಾಲೂ ಹಾಗೆಯೇ ಇದ್ದರೆ ಲಿನಕ್ಸ್ ಸಿಡಿಯಿಂದ ಗಣಕವನ್ನು ಎಬ್ಬಿಸಿ ಗ್ರಬ್ ಒಂದನ್ನು ಮತ್ತೆ ಸ್ಥಾಪಿಸಿದರಾಯಿತು.

ಪಾಲುಪಟ್ಟಿಯೇ ಪೂರ್ತಿ ಅಳಿದಿದ್ದರೂ ಕೈಚೆಲ್ಲಬೇಕಿಲ್ಲ. ಕ್ರಿಸ್ತೋಫ್ ಗ್ರೆನಿಯೆ ರೂಪಿಸಿದ ಟೆಸ್ಟ್‌ಡಿಸ್ಕ್ ಎಂಬ ಮುಕ್ತ ತಂತ್ರಾಂಶ ಡಿಸ್ಕನ್ನೆಲ್ಲ ಜಾಲಾಡಿ ಪ್ರತಿ ಪಾಲಿನ ಆರಂಭದಲ್ಲಿರುವ ಗುರುತುಗಳನ್ನು ಹುಡುಕುತ್ತದೆ. ಪತ್ರ ಕಳೆದರೂ ಹೊಲದ ಎಲ್ಲೆಗಲ್ಲುಗಳನ್ನು ನೋಡಿ ಪಾಲು ಗುರುತಿಸಿದಂತೆ ಇದು.

ಈ 64 ಬೈಟ್‌ಗಳ ಪಟ್ಟಿಗೆ ಇನ್ನೊಂದು ಮಿತಿಯಿತ್ತು. ನೇರ ಎಣಿಕೆಗೂ 32 ಬಿಟ್‌ಗಳಷ್ಟೇ ಜಾಗವಿದ್ದುದರಿಂದ ಸುಮಾರು 2.2 ಟೆರಾಬೈಟ್‌ಗಿಂತ ಆಚೆಗೆ ಅದು ಸಾಗದು. ಇಂಟೆಲ್ ಸಂಸ್ಥೆಯು ಇಎಫ್‌ಐ ವ್ಯವಸ್ಥೆಯ ಅಂಗವಾಗಿ ರೂಪಿಸಿದ ಜಿಪಿಟಿ ಎಂಬ ಹೊಸ ಪಟ್ಟಿ ಇಂದು ಹೊಸ ಗಣಕಗಳಲ್ಲಿ ಅದರ ಸ್ಥಾನವನ್ನು ಪಡೆದಿದೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿದೆ. ಸಿಲಿಂಡರ್ ಲೆಕ್ಕವನ್ನು ಬಿಟ್ಟು ನೇರ ಎಣಿಕೆಯಲ್ಲೇ ಎಲ್ಲೆಗಳನ್ನು ಬರೆಯಲಾಗುತ್ತದೆ. ಡಿಸ್ಕಿನ ಕೊನೆಯಲ್ಲಿ ಪಟ್ಟಿಯ ಇನ್ನೊಂದು ಪ್ರತಿಯಿರುತ್ತದೆ. ಪಟ್ಟಿ ಕೆಟ್ಟಿದೆಯೇ ಎಂದು ತಿಳಿಯಲು ತಾಳೆ ಸಂಖ್ಯೆಯೂ ಇರುತ್ತದೆ. ಹಳೆಯ ಪಟ್ಟಿಯ ಒಂದೊಂದು ಕೊರತೆಯೂ ಹೊಸದರಲ್ಲಿ ಒಂದೊಂದು ಏರ್ಪಾಡಾಗಿದೆ.

ನಿಮ್ಮ ಗಣಕದಲ್ಲಿ ಇಂತಹ ದೋಷ ಕಂಡಾಗ ನೆನಪಿಡಬೇಕಾದದ್ದು ಇಷ್ಟು. ಮೊದಲು ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಲಿನಕ್ಸ್ ಸಿಡಿ ಅಥವಾ ಪೆನ್ ಡ್ರೈವ್‌ನಿಂದ ಗಣಕವನ್ನು ಎಬ್ಬಿಸಿ ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಪಾಲುಪಟ್ಟಿ ಈಗ ಹೇಗಿದೆಯೋ ಹಾಗೆಯೇ ಅದರ ಪ್ರತಿಯನ್ನೂ ತೆಗೆದಿಡಿ. ಒಳಪಾಲುಗಳಿದ್ದರೆ ಮೊದಲ ಸೆಕ್ಟರ್‌ನ ಪ್ರತಿಯೊಂದೇ ಸಾಲದು, ಎಸ್‌ಎಫ್‌ಡಿಸ್ಕ್ ಕೊಡುವ ಪೂರ್ಣ ಪಟ್ಟಿ ಬೇಕು. ಆಮೇಲೆಯೇ ದುರಸ್ತಿಗೆ ಕೈಹಾಕಿ. ಡಿಸ್ಕಿನಿಂದ ವಿಚಿತ್ರ ಸದ್ದು ಬರುತ್ತಿದ್ದರೆ ಮಾತ್ರ ದೋಷ ಯಂತ್ರಭಾಗದ್ದೇ ಇರಬಹುದು. ಆಗ ಗಣಕವನ್ನು ನಿಲ್ಲಿಸಿ ಬಲ್ಲವರಿಗೆ ತೋರಿಸುವುದು ಲೇಸು. ಉಳಿದಂತೆ, ಪಾಲುಪಟ್ಟಿ ಹರಿದ ಮಾತ್ರಕ್ಕೆ ಹೊಲವೇನೂ ಎಲ್ಲಿಗೂ ಹೋಗುವುದಿಲ್ಲ.